ಸಣ್ಣ ಉರಿಯ ಅವಲಕ್ಕಿ

ಒಬ್ಬರ ಮನೆಯ ತಟ್ಟೆಯಲ್ಲಿ ಏನಿತ್ತು ಎಂದು ಇನ್ನೊಬ್ಬರು ಊರಿಗೆ ಹೇಳುವುದು ಮರ್ಯಾದೆಯ ಕೆಲಸವಲ್ಲ. ಅದೂ ಆ ತಟ್ಟೆಯ ಮುಂದೆ ಕೂತವರು ಇನ್ನೂ ಗಟ್ಟಿಯಾಗಿದ್ದು, ದಿನಾ ಬೆಳಗ್ಗೆ ಆರಕ್ಕೆ ರಾಯದುರ್ಗದ ಬೆಟ್ಟ ಹತ್ತಿ ಇಳಿಯುತ್ತಿರುವಾಗ. ಆಹಾರದ ವಿಷಯ ಓದಿಕೊಂಡ ದೊಡ್ಡವರು ಬರೆಯಬೇಕಾದ ಕಥೆ ಇದು. ಅವರು ಬರೆಯಲಿಲ್ಲವಾದ್ದರಿಂದ, ಕೇಳಿದ್ದನ್ನು ಕೇಳಿದ ಹಾಗೆ ಹೇಳುವ ಧೈರ್ಯ ಮಾಡಿದ್ದಾಗಿದೆ. ತಪ್ಪಿದ್ದರೆ ಸರ್ವಮಂಗಳಮ್ಮನವರು ಕ್ಷಮಿಸಬೇಕು. ಕಥೆ ಅವರದು. ಅವರ ಯಜಮಾನರದೆಂದು ಊರು ತಿಳಿದುಕೊಂಡಿದೆ, ಅಷ್ಟೇ.

ಯಜಮಾನರ ಹೆಸರು ಸಿದ್ದಬಸಪ್ಪ. ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಎಂದು ಮೈಕಿನಲ್ಲಿ ಗಡಿಯ ಊರಾದ್ದರಿಂದ ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳುವ ಕೆಲಸ. ಮೂವತ್ತರ ವಯಸ್ಸಿಗೇ ಅವರಿಗೆ ಹೊಟ್ಟೆಯ ಉರಿ ಹಿಡಿಯಿತು. ಬಳ್ಳಾರಿಯ ಡಾಕ್ಟರುಗಳಿಗೆಲ್ಲ ತೋರಿಸಿದರೂ ತಿಂದದ್ದು ಗಂಟಲಿಗೆ ಬರುವುದು ನಿಲ್ಲಲಿಲ್ಲ. ಹೀಗಿರುವಾಗ ಒಂದು ದಿನ ಕಲ್ಯಾಣದುರ್ಗದಿಂದ ಬರುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು, ಬೆಳಗಿನಿಂದ ಸಂಜೆಯವರೆಗೆ ಒಂದು ಶೇಂಗಾ ಹೊಲದ ಬದುವಿನ ಮೇಲೆ ಕೂರಬೇಕಾಯಿತು. ಹೊಲದವರು ಕಿತ್ತು ಕೊಟ್ಟ ಹಸಿ ಶೇಂಗಾ, ನಾಲ್ಕು ಎಳೆ ಸೌತೆ ಬಿಟ್ಟರೆ ತಿನ್ನಲು ಏನೂ ಇರಲಿಲ್ಲ. ಸಂಜೆ ಬೇರೆ ಬಸ್ಸು ಬಂದಾಗ ಅವರಿಗೆ ಹೊಳೆಯಿತು: ಮೂರು ವರ್ಷದಲ್ಲಿ ಮೊದಲ ಸಲ ಒಂದು ಹಗಲು ಹುಳಿತೇಗಿಲ್ಲದೆ ಕಳೆದಿತ್ತು. ಉಳಿದ ಪ್ರಯಾಣಿಕರೆಲ್ಲ ಡ್ರೈವರನನ್ನು ಬೈದರು. ಸಿದ್ದಬಸಪ್ಪನವರು ಅವನಿಗೆ ಕೈಮುಗಿದರು.

ಅಂದಿನಿಂದ ಬೆಂಕಿ ಮುಟ್ಟಿದ್ದನ್ನು ಅವರು ಮುಟ್ಟಲಿಲ್ಲ. ಇದು ಸುಮಾರು ನಲವತ್ತು ವರ್ಷದ ಹಿಂದಿನ ಮಾತು. ಈಗಿನ ಹಾಗೆ ಮೊಳಕೆ ಕಾಳಿಗೂ ಸೊಪ್ಪಿನ ರಸಕ್ಕೂ ಮಾನ ಇದ್ದ ಕಾಲವಲ್ಲ. ಗತಿಯಿಲ್ಲದೆ ಹಸಿಯದನ್ನು ತಿಂದರೆ ಬಡತನ, ಗತಿಯಿದ್ದೂ ತಿಂದರೆ ಹುಚ್ಚು ಎನ್ನುತ್ತಿದ್ದರು. ತೆಲುಗಿನವರು ಅವರಿಗೆ ಪಚ್ಚಿ ಸಿದ್ದಪ್ಪ ಎಂದು ಹೆಸರಿಟ್ಟರು, ಕನ್ನಡದವರು ಹಸಿ ಸಿದ್ದಪ್ಪ ಎಂದರು. ಅವರು ಬೇಸರ ಮಾಡಿಕೊಳ್ಳದೆ ಕರಪತ್ರ ಹಾಕಿಸಿದರು: ‘ಸೂರ್ಯ ಬೇಯಿಸಿ ಕೊಟ್ಟದ್ದನ್ನು ಒಲೆಯ ಮೇಲಿಟ್ಟು ಯಾಕೆ ಕೊಲ್ಲುವಿರಿ?’ ಸಂಘ ಕಟ್ಟಿದರು. ಸದಸ್ಯನಾಗಿ ಸಿಕ್ಕವನು ಟೈಲರ್ ತಿಪ್ಪೇಶ ಒಬ್ಬನೇ; ಅವನೂ ಮಧ್ಯಾಹ್ನದ ಊಟದವರೆಗೆ ಮಾತ್ರ ಸದಸ್ಯ. ಆದರೆ ಮೈಕು ಕೈಯಲ್ಲಿತ್ತಲ್ಲ. ‘ಬಳ್ಳಾರಿ ಬಸ್ಸು ಎರಡನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದೆ. ಪ್ರಯಾಣಿಕರು ಮಿರ್ಚಿ ತಿನ್ನದೆ ಬಸ್ಸು ಹತ್ತಬೇಕು’ ಎಂದು ದಿನಕ್ಕೆ ಹತ್ತು ಸಲ ಎರಡು ಭಾಷೆಯಲ್ಲಿ ಸಾರಿದರು.

ಆ ಮೈಕಿನ ಹಾರ್ನ್ ಕಟ್ಟಿದ್ದು ಎರ್ರಿಸ್ವಾಮಿಯ ಒಗ್ಗರಣಿ, ಮಿರ್ಚಿ ಬಜ್ಜಿಯ ಬಂಡಿಯ ನೆತ್ತಿಯ ಮೇಲೆ. ಎರ್ರಿಸ್ವಾಮಿ ಅರ್ಜಿ ಬರೆಸಿಕೊಂಡು ಮೇಲಿನವರಿಗೆ ಕೊಡಲು ಹೊರಟವನು ಅರ್ಧ ದಾರಿಯಿಂದ ವಾಪಸು ಬಂದ. ಮಿರ್ಚಿ ಎಂಬ ಮಾತು ಮೈಕಿನಲ್ಲಿ ಬಂದಾಗಲೆಲ್ಲ ಜನಕ್ಕೆ ಮಿರ್ಚಿ ನೆನಪಾಗಿ ಅವನ ಬಾಣಲೆ ಖಾಲಿಯಾಗುತ್ತಿತ್ತು.

ಸರ್ವಮಂಗಳಮ್ಮನ ತವರು ಮಡಕಶಿರ. ಅವರ ತಂದೆಯದು ಊರಾಚೆ, ಗುಡಿಬಂಡೆ ರಸ್ತೆಯಲ್ಲಿ ಅವಲಕ್ಕಿಯ ಮಿಲ್ಲು. ಯಜಮಾನರು ಶೇಂಗಾ ಹೊಲದಿಂದ ಮನೆಗೆ ಬಂದ ದಿನವೇ ಇನ್ನು ಮುಂದೆ ಏನೇನು ತಿನ್ನಬಹುದು ಎಂದು ಬೆರಳು ಮಡಿಚಿ ಹೇಳಿದರು. ಸೌತೆ-ಗಜ್ಜರಿ, ತೆಂಗಿನಕಾಯಿ, ನೆನೆಸಿದ ಹೆಸರು, ಬೆಲ್ಲ. ಕೊನೆಯ ಬೆರಳು ಮಡಿಚುತ್ತ, ಅವಲಕ್ಕಿಯೂ ನಡೆಯುತ್ತದೆ, ಅದು ಕುಟ್ಟಿದ್ದೇ ಹೊರತು ಬೇಯಿಸಿದ್ದಲ್ಲ ಎಂದರು.

ಸರ್ವಮಂಗಳಮ್ಮ ಬಾಯಿ ತೆರೆದರು. ಭತ್ತವನ್ನು ರಾತ್ರಿಯೆಲ್ಲ ಬಿಸಿನೀರಿನಲ್ಲಿ ನೆನೆಹಾಕಿ, ಮರುದಿನ ಕಾದ ಮರಳಿನಲ್ಲಿ ಹುರಿದು, ಆ ಬಿಸಿ ಆರುವುದರೊಳಗೆ ಯಂತ್ರಕ್ಕೆ ಕೊಟ್ಟು ಚಪ್ಪಟೆ ಮಾಡಿದರೇ ಅವಲಕ್ಕಿ. ಭಟ್ಟಿಯ ಹೊಗೆಯಲ್ಲಿ ಬೆಳೆದ ಹೆಣ್ಣುಮಗಳಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಆದರೆ ಯಜಮಾನರ ಮಡಿಚಿದ ಬೆರಳುಗಳನ್ನು ನೋಡಿದರು. ಅದರಲ್ಲಿ ಹೊಟ್ಟೆಗೆ ಆಧಾರ ಎನ್ನುವಂಥದ್ದು ಆ ಕೊನೆಯ ಬೆರಳೊಂದೇ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡರು.

ಪ್ರತಿ ವರ್ಷ ಪಂಚಮಿಗೆ ತವರಿನಿಂದ ಸೀರೆ ಕುಪ್ಪಸದ ಜೊತೆ ಒಂದು ಚೀಲ ಅವಲಕ್ಕಿ ಬರತೊಡಗಿತು. ಬಸ್ಸಿನ ಟಾಪಿನ ಮೇಲೆ ಬಂದ ಚೀಲ ಇಳಿಯುತ್ತಿದ್ದದ್ದು ಕಂಟ್ರೋಲರ್ ಸಾಹೇಬರ ಕಿಟಕಿಯ ಮುಂದೆಯೇ. ಅವರೇ ಹೆಗಲ ಮೇಲೆ ಹೊತ್ತು ಮನೆಗೆ ತಂದು, ಚೀಲದ ಮೇಲೆ ಕೈಯಿಟ್ಟು, ಟಾಪಿನ ಮೇಲೆ ಬಿಸಿಲಿಗೆ ಕಾದಿದೆ ಎನ್ನುತ್ತಿದ್ದರು. ಸರ್ವಮಂಗಳಮ್ಮ ಹೌದೆಂದು ತಲೆಯಾಡಿಸಿ, ಮುಂದಿನ ಸೋಮವಾರ ತವರಿನ ಹತ್ತಿರದ ಹೇಮಾವತಿ ಊರಿನ ಸಿದ್ದೇಶ್ವರನಿಗೆ ಕೂತಲ್ಲಿಂದಲೇ ತಪ್ಪು ಕಾಣಿಕೆ ಎತ್ತಿಡುತ್ತಿದ್ದರು.

ಹನ್ನೆರಡು ವರ್ಷ ಹೀಗೇ ನಡೆಯಿತು. ಆಮೇಲೆ ಬೆಲ್ಲದ ಪ್ರಕರಣವಾಯಿತು. ಬೆಲ್ಲವನ್ನು ಕುದಿಸಿ ಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ಸಿದ್ದಬಸಪ್ಪನವರಿಗೂ ಗೊತ್ತಿರುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಅವರೋ, ಕಬ್ಬು ಕಾಣದ ಸೀಮೆಯಲ್ಲಿ ಹುಟ್ಟಿದವರು, ಕಬ್ಬಿನ ರಸ ಬಿಸಿಲಿಗೆ ಹೆಪ್ಪುಗಟ್ಟಿದರೆ ಬೆಲ್ಲ ಎಂದುಕೊಂಡಿದ್ದರು. ಹಿಂದೂಪುರದ ಕಡೆಗೆ ಮದುವೆಗೆ ಹೋದಾಗ ದಾರಿಬದಿಯ ಆಲೆಮನೆಯಲ್ಲಿ ಕೊತಕೊತ ಕುದಿಯುವ ಕೊಪ್ಪರಿಗೆಯನ್ನು ಕಂಡರು. ಮದುವೆಗೆ ಹೋಗದೆ ಹಿಂದಿರುಗಿದರು. ಹನ್ನೆರಡು ವರ್ಷದ ಬೆಲ್ಲಕ್ಕೆ ಪ್ರಾಯಶ್ಚಿತ್ತವೆಂದು ಹನ್ನೆರಡು ದಿನ ಬರಿ ನೀರು, ಸೌತೆಯ ಮೇಲಿರಲು ಹೊರಟರು. ಒಂಬತ್ತನೆಯ ದಿನ ‘ಕಲ್ಯಾಣದುರ್ಗದ ಬಸ್ಸು’ ಎಂದರು, ಮೈಕಿನಲ್ಲಿ ಧಡ್ ಎಂದು ಕೇಳಿಸಿತು. ಕಲ್ಯಾಣದುರ್ಗದ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಎಂದು ಆ ದಿನ ಯಾರಿಗೂ ತಿಳಿಯಲಿಲ್ಲ. ಬಿದ್ದವರನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ಎರ್ರಿಸ್ವಾಮಿ. ಎಣ್ಣೆಯ ಕೈಯಾದ್ದರಿಂದ ದಾರಿಯಲ್ಲಿ ಎರಡು ಸಲ ಜಾರಿದರಂತೆ.

ಡಾಕ್ಟರು ಸರ್ವಮಂಗಳಮ್ಮನನ್ನು ಪಕ್ಕಕ್ಕೆ ಕರೆದು, ಈ ಮನುಷ್ಯನಿಗೆ ಧಾನ್ಯ ಎಂದು ಉಳಿದಿರುವುದು ಅವಲಕ್ಕಿ ಒಂದೇ, ಅದನ್ನೂ ಬಿಟ್ಟರೆ ಇನ್ನೊಂದು ಸಲ ನನ್ನ ಹತ್ತಿರ ತರುವ ಕಷ್ಟ ಬೇಡ ಎಂದರು.

ಅಲ್ಲಿಯವರೆಗೆ ಮುಚ್ಚಿದ ಬಾಯಿ ಸಂಕೋಚದ್ದು. ಅಲ್ಲಿಂದ ಮುಂದೆ ಅದು ತಾಳಿ ಕಾಯುವ ಕೆಲಸವಾಯಿತು. ಸುಳ್ಳು ಪೂರ್ತಿ ಸುಳ್ಳಾಗದಿರಲಿ ಎಂದು ತವರಿಗೆ ಒಂದು ಮಾತು ಹೇಳಿ ಕಳಿಸಿದರು: ರಾಯದುರ್ಗದ ಚೀಲಕ್ಕೆ ಮಾತ್ರ ಸಣ್ಣ ಉರಿಯಲ್ಲಿ ಹುರಿಯಬೇಕು.

ಯಜಮಾನರು ಮಿಲ್ಲು ನೋಡುವ ಸಂಭವ ಬರಲಿಲ್ಲ. ಹಸಿಯದು ಹಿಡಿದ ಮೊದಲ ಯುಗಾದಿಗೆ ಮಾವನ ಮನೆಯಲ್ಲಿ ಹೋಳಿಗೆ ತಳ್ಳಿ ಸೌತೆಕಾಯಿ ಕೇಳಿದ್ದರು. ಅಳಿಯ ನಮ್ಮ ಮನೆಯಲ್ಲಿ ಸೌತೆಕಾಯಿ ತಿಂದು ಹೋದ ಎಂದರೆ ಊರಲ್ಲಿ ತಲೆ ಎತ್ತುವುದು ಹೇಗೆ ಎಂದು ಮಾವ ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಅಳಿಯ ಅಲ್ಲಿಗೆ ಹೋದದ್ದು ಮದುವೆಗೆ, ಮಣ್ಣಿಗೆ ಮಾತ್ರ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು.

ಕಳೆದ ಶ್ರಾವಣದಲ್ಲಿ ತವರಿನ ತಮ್ಮ ಶಿವಶಂಕರನ ಮಗ ಸುನೀಲ್ ಫೋನು ಮಾಡಿದ. ಮಡಕಶಿರದಲ್ಲಿ ಸಿರಿಧಾನ್ಯದ ಅಂಗಡಿ ತೆರೆದಿದ್ದವನು, ಅಂಗಡಿಯ ಮೊದಲ ವರ್ಷಕ್ಕೆ ಸಭೆ ಇಟ್ಟು ಮಾವನಿಗೆ ಸನ್ಮಾನ ಮಾಡಬೇಕೆಂದಿದ್ದ. ಜಿಲ್ಲೆಯ ಮೊದಲ ಹಸಿ ಆಹಾರ ಪ್ರಚಾರಕರು ಎಂದು ಬ್ಯಾನರು ಬರೆಸಲು ಹೋದರೆ, ಜಿಲ್ಲೆ ಒಡೆದು ರಾಯದುರ್ಗ ಒಂದಕ್ಕೆ, ಮಡಕಶಿರ ಇನ್ನೊಂದಕ್ಕೆ ಸೇರಿರುವುದು ನೆನಪಾಯಿತಂತೆ. ಎರಡೂ ಜಿಲ್ಲೆಗಳ ಮೊದಲಿಗರು ಎಂದು ಬರೆಸಿದ್ದ. ಎಪ್ಪತ್ತು ದಾಟಿದ ಸಿದ್ದಬಸಪ್ಪನವರಿಗೆ ಒಂದು ಜಿಲ್ಲೆಯ ಆಸೆಯೂ ಇರಲಿಲ್ಲ. ಎರಡು ಸಿಕ್ಕಿದ್ದಕ್ಕೆ ಹೊಸ ಪಂಚೆ ತೆಗೆಸಿದರು. ಎರಡು ದಿನ ಉಳಿದು ಬರೋಣ ಎಂದರು.

ಮಿಲ್ಲು ಕಣ್ಣಿಗೆ ಬೀಳುತ್ತದೆಂದು ಸರ್ವಮಂಗಳಮ್ಮ ಹೆದರಿದರು. ರಸ್ತೆ ಅಗಲ ಮಾಡುವಾಗ ಹಳೆಯ ಮಿಲ್ಲು ಹೋಗಿ, ಈಗ ಅದು ತಮ್ಮನ ಮನೆಯ ಹಿತ್ತಲಿಗೇ ಬಂದಿತ್ತು. ಯಜಮಾನರಿಗೆ ಕೇಳಿಸದ ಹಾಗೆ ಇಲ್ಲಿಯ ಹಿತ್ತಲಿಗೆ ಹೋಗಿ ತಮ್ಮನಿಗೆ ಫೋನು ಹಚ್ಚಿದರು. ನಲವತ್ತೈದು ವರ್ಷ ರಾಯದುರ್ಗದ ಮಾತಾಡಿದ ಬಾಯಿ ತಮ್ಮನ ದನಿ ಕೇಳುತ್ತಲೇ ತವರಿಗೆ ತಿರುಗಿಬಿಡುತ್ತಿತ್ತು.

“ಶಂಕ್ರ, ಎಲ್ಡು ದಿನ ಭಟ್ಟಿ ನಿಲ್ಸಪ್ಪ.”

“ಏನಕ್ಕ ನೀನು, ಶ್ರಾವಣದಾಗೆ? ಅಂಗಡಿಯೋರು ಸಾಲಾಗಿ ನಿಂತವ್ರೆ.”

“ನಿಮ್ಮ ಬಾವ ಉಳೀಬೇಕೋ ಬ್ಯಾಡ್ವೋ, ಅದೊಂದು ಹೇಳು.”

ಶಿವಶಂಕರ ಮೊದಲು ಎರಡು ದಿನದ ನಷ್ಟದ ಲೆಕ್ಕ ಹೇಳಿದ್ದಕ್ಕೆ ಅಕ್ಕನಿಗೆ ಬೇಸರವಾಯಿತು. ಕೊನೆಗೆ, ಬೆಲ್ಟು ಹರಿದಿದೆ ಎಂದು ಹೇಳಿ ಮಿಲ್ಲು ನಿಲ್ಲಿಸಲು ಒಪ್ಪಿದ. ಕೆಲಸದವರಿಗೆಲ್ಲ ಎರಡು ದಿನ ರಜ ಎಂದಾಯಿತು. ಅಕ್ಕ ತಮ್ಮ ಇಬ್ಬರೂ ಎಡವಿದ್ದು ಅಲ್ಲಿಯೇ.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಮಡಕಶಿರ ಸೇರಿದರು. ಭಟ್ಟಿ ತಣ್ಣಗಿತ್ತು. ಹಿತ್ತಲ ಬಾಗಿಲಿಗೆ ಶಿವಶಂಕರ ಬೀಗ ಹಾಕಿ, ಸಾಲದೆಂದು ಎರಡು ಬೀರು ಅಡ್ಡ ನಿಲ್ಲಿಸಿದ್ದ. ಮನೆಯ ಪಕ್ಕದ ಬಚ್ಚಲಿಗೆ ಹೋಗಬೇಕಾದರೆ ಬೀದಿಗೆ ಇಳಿದು ಮನೆ ಸುತ್ತಿ ಹೋಗಬೇಕಾಗಿತ್ತು. ಹೊಸ ವಾಸ್ತು ಎಂದು ಬಾವನಿಗೆ ತಿಳಿಸಲಾಯಿತು.

ಮರುದಿನ ಬೆಳಗ್ಗೆ ಅಂಗಡಿಯ ಮುಂದೆ ಶಾಮಿಯಾನದಲ್ಲಿ ಸಭೆ. ಜನ ಚೆನ್ನಾಗಿ ಸೇರಿದ್ದರು. ಶಾಮಿಯಾನದ ಹಿಂದಿನಿಂದ ಬಿಸಿ ಪೊಂಗಲ್ ಮತ್ತು ವಡೆಯ ವಾಸನೆ ಬರುತ್ತಿತ್ತು. ಹಸಿ ಆಹಾರದ ಸಭೆಗೆ ಇದೇನು ಎಂದು ಅತ್ತೆ ಕೇಳಿದ್ದಕ್ಕೆ, ಟಿಫನ್ ಇಲ್ಲದಿದ್ದರೆ ಯಾರು ಬರುತ್ತಾರೆ ಎಂದು ಸುನೀಲ್ ಪಿಸುಗುಟ್ಟಿದ. ಸಿದ್ದಬಸಪ್ಪನವರಿಗೆ ಶಾಲು, ಹಾರ, ಸೌತೆಕಾಯಿಯ ಬುಟ್ಟಿ ಕೊಟ್ಟರು. ಬಹಳ ದಿನದ ಮೇಲೆ ಮೈಕು ಕೈಗೆ ಸಿಕ್ಕಿ ಅವರ ಬೆನ್ನು ನೆಟ್ಟಗಾಯಿತು. ಶೇಂಗಾ ಹೊಲದಿಂದ ಹಿಡಿದು ಬೆಲ್ಲದ ಪ್ರಾಯಶ್ಚಿತ್ತದವರೆಗೆ ಎಲ್ಲ ಹೇಳಿದರು. ನಲವತ್ತು ವರ್ಷದಲ್ಲಿ ಬೆಲ್ಲ ಒಂದರಲ್ಲಿ ತಪ್ಪಿದೆ, ಮತ್ತೆಲ್ಲಿಯೂ ಬೆಂಕಿ ನನ್ನ ನಾಲಿಗೆ ಮುಟ್ಟಿಲ್ಲ, ನನ್ನ ಹೆಂಡತಿಯ ತವರಿನ ಅವಲಕ್ಕಿಯೇ ನನ್ನನ್ನು ಬದುಕಿಸಿದೆ ಎಂದರು. ಜನ ಚಪ್ಪಾಳೆ ತಟ್ಟಿದರು. ಸರ್ವಮಂಗಳಮ್ಮ ಸೆರಗು ಹಿಂಡಿದರು.

ಯಾರಾದರೂ ಪ್ರಶ್ನೆ ಕೇಳಬಹುದು ಎಂದು ಸುನೀಲ್ ಹೇಳಿದ. ಹೆಂಗಸರ ಸಾಲಿನಿಂದ ಒಬ್ಬಳು ಎದ್ದು ನಿಂತಳು. ಮಿಲ್ಲಿನಲ್ಲಿ ಭತ್ತ ಹುರಿಯುವ ಬೊಮ್ಮಕ್ಕ. ಇಪ್ಪತ್ತೈದು ವರ್ಷದಲ್ಲಿ ಶ್ರಾವಣದಲ್ಲಿ ಅವಳಿಗೆ ರಜ ಸಿಕ್ಕಿದ್ದು ಅದೇ ಮೊದಲು. ಹೋಗಲು ಬೇರೆಲ್ಲೂ ಇಲ್ಲದೆ ಸಭೆಗೆ ಬಂದಿದ್ದಳು. ಇಷ್ಟು ದೊಡ್ಡ ಮನುಷ್ಯರ ಬಾಯಲ್ಲಿ ತನ್ನ ಅವಲಕ್ಕಿಯ ಮಾತು ಕೇಳಿ ಅವಳ ಕಣ್ಣು ಒದ್ದೆಯಾಗಿತ್ತು.

“ಸಾಮಿ, ನೀವು ತಿನ್ನೋ ಅವಲಕ್ಕಿ ಇಪ್ಪತ್ತೈದು ವರ್ಸದಿಂದ ಹುರೀತಿರೋಳು ನಾನೇ. ರಾಯದುರ್ಗದ ಚೀಲಕ್ಕೆ ಸಣ್ಣ ಉರೀಲಿ ಹುರೀಬೇಕು ಬೊಮ್ಮಕ್ಕ ಅಂತ ಅಕ್ಕಾರು ಹೇಳಿ ಕಳ್ಸೋರು. ಒಂದ್ ವರ್ಸಾನೂ ಉರಿ ದೊಡ್ಡದು ಮಾಡಿಲ್ಲ ಕಣ್ ಸಾಮಿ, ನಮ್ಮಪ್ಪನಾಣೆ.”

ಶಾಮಿಯಾನದಲ್ಲಿ ಯಾರಿಗೂ ಏನೂ ಅನಿಸಲಿಲ್ಲ. ಅವಲಕ್ಕಿ ಹುರಿಯುತ್ತಾರೆಂದು ಅವರಿಗೆಲ್ಲ ಗೊತ್ತೇ ಇತ್ತು. ಸಿದ್ದಬಸಪ್ಪನವರ ಉಸಿರು ಮಾತ್ರ ಮೈಕಿನಲ್ಲಿ ದೊಡ್ಡದಾಗಿ ಇಡೀ ಬಜಾರಿಗೆ ಕೇಳಿಸಿತು. ಇನ್ನು ಧಡ್ ಎನ್ನುತ್ತದೆ ಎಂದು ಸರ್ವಮಂಗಳಮ್ಮ ಕಣ್ಣು ಮುಚ್ಚಿದರು.

ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಯಜಮಾನರು ಬೊಮ್ಮಕ್ಕನನ್ನಲ್ಲ, ಹೆಂಡತಿಯನ್ನೇ ನೋಡುತ್ತಿದ್ದರು. ಆಮೇಲೆ ಬೊಮ್ಮಕ್ಕನ ಕಡೆ ತಿರುಗಿ, ಎಷ್ಟು ಹೊತ್ತು ಹುರಿಯುತ್ತೀಯಮ್ಮ ಎಂದು ಕೇಳಿದರು. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ಎಂದಳು.

“ಹೊತ್ತಾತು, ಎಲ್ಲಾರೂ ಟಿಫನ್ ಮಾಡ್ರಿ,” ಎಂದು ಸಿದ್ದಬಸಪ್ಪನವರು ಮೈಕು ಕೆಳಗಿಟ್ಟರು. ಬೇಯಿಸಿದ್ದನ್ನು ತಿನ್ನಿ ಎಂದು ಅವರು ಮೈಕಿನಲ್ಲಿ ಹೇಳಿದ್ದು ಅದೇ ಮೊದಲು.

ಆ ದಿನ ಅವರು ಏನನ್ನೂ ಮುಟ್ಟಲಿಲ್ಲ. ಸನ್ಮಾನದ ಸೌತೆಕಾಯಿಯನ್ನೂ ಮುಟ್ಟಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ತಮ್ಮಷ್ಟಕ್ಕೆ ಎದ್ದು, ಬೀರುಗಳ ಕಡೆ ಕೈ ತೋರಿಸಿ, ಭಟ್ಟಿ ಹಚ್ಚಿಸು, ನೋಡಬೇಕು ಎಂದು ಶಿವಶಂಕರನಿಗೆ ಹೇಳಿದರು. ಬೆಲ್ಟು ಹರಿದಿದೆ ಎಂದು ಅವನು ತೊದಲಿದ. ಇವರು ನೋಡುತ್ತಲೇ ನಿಂತರು. ಬೆಲ್ಟು ಕೂಡಿಕೊಂಡಿತು.

ಬೊಮ್ಮಕ್ಕನನ್ನು ಕರೆಸಿದರು. ಕಡಲೆಕಾಯಿ ಹೊಟ್ಟಿನ ಬೆಂಕಿ ಹೊತ್ತಿಕೊಂಡಿತು. ಮರಳು ಕಾದ ಮೇಲೆ ಅವಳು ರಜ ಮುಗಿದ ಮೇಲಿನ ಕೆಲಸಕ್ಕೆಂದು ಮೊದಲೇ ನೆನೆಹಾಕಿದ್ದ ಭತ್ತವನ್ನು ಸುರಿದು ಜಾಲಾಡಿದಳು, ಚಟಚಟ ಎಂದಿತು. ಜರಡಿ ಹಿಡಿದು ಮರಳು ಬೇರೆ ಮಾಡಿ, ಬಿಸಿ ಭತ್ತವನ್ನು ಯಂತ್ರಕ್ಕೆ ಕೊಟ್ಟಳು. ಆ ಕಡೆಯಿಂದ ಬೆಳ್ಳಗೆ ಅವಲಕ್ಕಿ ಬಿತ್ತು. ಇಷ್ಟೇ ಅಲ್ಲ ಸಾಮಿ, ನಿನ್ನೆ ರಾತ್ರಿಯೇ ಬಿಸಿನೀರಲ್ಲಿ ಎಂದು ಹೇಳಹೊರಟವಳ ಮಾತು ಮುಗಿಯುವ ಮುಂಚೆ ಶಿವಶಂಕರ ಜೋರಾಗಿ ಕೆಮ್ಮಿದ. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಸಿದ್ದಬಸಪ್ಪನವರು ಒಂದು ಹಿಡಿ ಅವಲಕ್ಕಿಯನ್ನು ಅಂಗೈಗೆ ತೆಗೆದುಕೊಂಡರು. ಬಿಸಿಗೆ ಈ ಕೈಯಿಂದ ಆ ಕೈಗೆ ಹಾಕಿಕೊಂಡರು. ಬಾಗಿಲಲ್ಲಿ ನಿಂತಿದ್ದ ಸರ್ವಮಂಗಳಮ್ಮ ಒಳಗೆ ಬಂದರು. ಹೇಳಿದರೆ ಅಂಗೈಯಲ್ಲಿರುವುದು ನೆಲಕ್ಕೆ ಬೀಳುತ್ತದೆ. ಹೇಳದಿದ್ದರೆ ಉಳಿದ ಆಯುಷ್ಯವೆಲ್ಲ ಆ ನೋಟವನ್ನು ಹೊರಬೇಕು.

“ನನಗ ಮೊದಲಿಂದ ಗೊತ್ತಿತ್ರಿ.”

“ಮೊದಲಿಂದ ಅಂದ್ರ?”

“ನೀವು ಬೆರಳು ಮಡಿಚಿದ ದಿನದಿಂದ. ಹೇಳಿದ್ರ ನೀವು ಉಳೀತಿದ್ದಿಲ್ರಿ. ನನಗ ನಿಮ್ಮ ಸಿದ್ಧಾಂತ ಬ್ಯಾಡಾಗಿತ್ತು, ನೀವು ಬೇಕಾಗಿದ್ರಿ.”

ಸಿದ್ದಬಸಪ್ಪನವರು ನೆಲದಲ್ಲಿ ಬಿದ್ದಿದ್ದ ಭತ್ತದ ಹೊಟ್ಟನ್ನು ಕಾಲಿನ ಹೆಬ್ಬೆರಳಿನಿಂದ ಸರಿಸಿದರು.

“ಬೆಂಕಿ ಕಂಡಿದ್ದು ಸಿಪ್ಪಿ,” ಎಂದರು. “ಅಕ್ಕಿ ಒಳಗ ಇತ್ತು. ಮಾಳಿಗಿ ಮ್ಯಾಲೆ ಬಿಸಲು ಬಿದ್ರ ಒಳಗ ಕುಂತಾರು ಬೇಯ್ತಾರೇನು?”

ರಾಯದುರ್ಗದ ಏಪ್ರಿಲ್ ತಿಂಗಳಲ್ಲಿ ಒಳಗೆ ಕೂತವರೂ ಬೇಯುತ್ತಾರೆಂದು ಸರ್ವಮಂಗಳಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಾಯಿ ಮುಚ್ಚುವುದು ಅವರಿಗೆ ರೂಢಿಯಾಗಿತ್ತು.

“ಇಲ್ರಿ,” ಎಂದರು.

ಸಿದ್ದಬಸಪ್ಪನವರು ಹಿಡಿಯನ್ನು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದರು. ನಲವತ್ತು ವರ್ಷದಲ್ಲಿ ಅವರ ಬಾಯಿಗೆ ಬಿಸಿಯಾದದ್ದು ಬಿದ್ದದ್ದು ಅದೇ ಮೊದಲು. ನುಂಗಿ, ಇನ್ನೊಂದು ಹಿಡಿಗೆ ಕೈ ಚಾಚಿದರು. ಉರಿ ಹೆಚ್ಚಾಯಿತಾ ಸಾಮಿ ಎಂದು ಬೊಮ್ಮಕ್ಕ ಆತಂಕದಿಂದ ಕೇಳಿದಳು. ಸಣ್ಣದೇ ಇರಲಿ ಎಂದರು.

ರಾಯದುರ್ಗಕ್ಕೆ ಬಂದ ವಾರಕ್ಕೆ ಹೊಸ ಕರಪತ್ರ ಅಚ್ಚಾಯಿತು. ಸಿಪ್ಪೆಯೊಳಗಿನ ಧಾನ್ಯಕ್ಕೆ ಬೆಂಕಿಯ ದೋಷ ತಗಲುವುದಿಲ್ಲ ಎಂಬ ಸಾಲು ಅದರಲ್ಲಿ ಸೇರಿತು. ಎರ್ರಿಸ್ವಾಮಿ ಅದನ್ನು ಮಗನ ಕೈಲಿ ಎರಡು ಸಲ ಓದಿಸಿ ಕೇಳಿದ. ಮರುದಿನ ಬೆಟ್ಟ ಇಳಿದು ಬರುತ್ತಿದ್ದವರನ್ನು ಬಂಡಿಯ ಮುಂದೆ ತಡೆದು ನಿಲ್ಲಿಸಿದ.

“ಹಂಗಾದ್ರ ಸಾಹೇಬ್ರ, ನಮ್ಮ ಮಿರ್ಚಿನೂ ಹಿಟ್ಟಿನ ಅಂಗಿ ತೊಟ್ಟೈತ್ರಿ. ಎಣ್ಣಿ ಮುಟ್ಟಿದ್ದು ಅಂಗಿನ. ಒಳಗಿನ ಮೆಣಸಿನಕಾಯಿ ಏನ್ ಪಾಪ ಮಾಡೈತಿ?”

ಸಿದ್ದಬಸಪ್ಪನವರು ಬಾಣಲೆಯೊಳಗೆ ಬಗ್ಗಿ ನೋಡಿದರಂತೆ. ವಿಚಾರ ಮಾಡಬೇಕು ಎಂದು ಹೇಳಿ ಹೋದರಂತೆ. ಇನ್ನೂ ಮಾಡುತ್ತಿದ್ದಾರೆ.

ಸರ್ವಮಂಗಳಮ್ಮನಿಗೆ ಮಾತ್ರ ಒಂದು ವಿಷಯ ಬಗೆಹರಿದಿಲ್ಲ. ಮೂವತ್ತೊಂಬತ್ತು ಪಂಚಮಿಗಳಲ್ಲಿ ಆ ಚೀಲವನ್ನು ಹೆಗಲ ಮೇಲೆ ಹೊತ್ತವರು ಯಜಮಾನರೇ. ಬಸ್ಸು ಮೋಡದ ದಿನ ಬಂದರೂ ಚೀಲ ಬಿಸಿಲಿಗೆ ಕಾದಿದೆ ಎಂದವರು ಅವರೇ. ಹುರಿದ ವಾಸನೆ ಒಂದು ಸಲವೂ ಮೂಗಿಗೆ ಬಡಿಯಲಿಲ್ಲವೇ? ಸಿಪ್ಪೆಯ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಆ ಒಂದು ಮಧ್ಯಾಹ್ನದ ಯೋಚನೆಯಿಂದಲೋ, ನಲವತ್ತು ವರ್ಷದ ಯೋಚನೆಯಿಂದಲೋ? ಒಮ್ಮೆ ಕೇಳಿಯೂ ನೋಡಿದರು. ಅವಲಕ್ಕಿಗೆ ಕಾಯಿತುರಿ ಕಲಸುತ್ತಿದ್ದವರು, ಇವತ್ತು ಉಪ್ಪು ಸ್ವಲ್ಪ ಕಡಿಮೆಯಾಗಿದೆ ಎಂದರು.

ಯಜಮಾನರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಸರ್ವಮಂಗಳಮ್ಮನಿಗೆ ಗೊತ್ತಿಲ್ಲ. ಅವರಿಗೇ ಗೊತ್ತಿಲ್ಲದ ಮೇಲೆ, ಈ ಕಥೆಗೂ ಗೊತ್ತಿಲ್ಲ.